ಭಾವನನ್ನು ಕರೆತರಲು ಹೋದ ಚಿನ್ನದೂರು

ಬಂಗಾಲಿ ಟೋಲಾ

ನಾನು ವಿದೇಶಕ್ಕೆ ಹೋಗಿದ್ದು ಆಸೆಪಟ್ಟಲ್ಲ, ಅಕ್ಕನ ಕಾಟಕ್ಕೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಕಾಶಿಯ ಕೇದಾರ ಘಾಟಿನಲ್ಲಿ ದಕ್ಷಿಣದ ಯಾತ್ರಿಕರಿಗೆ ಸಂಕಲ್ಪ, ಶ್ರಾದ್ಧ ಮಾಡಿಸುವ ಪುರೋಹಿತ ನಾನು. ಊರೂರಿನ ಜನ ನನ್ನಲ್ಲಿಗೆ ಬರುತ್ತಾರೆ, ನಾನು ಎಲ್ಲಿಗೂ ಹೋಗುವುದಿಲ್ಲ. ತೀರಾ ದೂರ ಅಂದರೆ ಗೋದೌಲಿಯಾ ಪೇಟೆ. ಅಲ್ಲಿಂದ ತರಕಾರಿ ಚೀಲ ಹೊತ್ತು, ರಿಕ್ಷಾಗಳ ಸಂದಿಯಲ್ಲಿ ನುಸುಳಿ ಮನೆ ಸೇರುವಷ್ಟರಲ್ಲೇ ನನಗೆ ಈ ಜಗತ್ತು ಸಾಕುಸಾಕಾಗಿರುತ್ತದೆ.

ನನ್ನ ಭಾವ ರಘು ಕೋಲಾರದ ಚಿನ್ನದ ಗಣಿಯಲ್ಲಿ ಎಂಜಿನಿಯರ್ ಆಗಿದ್ದವರು. ಆ ಗಣಿ ಮುಚ್ಚಿದ ಮೇಲೆ ಅಕ್ಕನನ್ನೂ ಮಗಳು ವೈದೇಹಿಯನ್ನೂ ಬಂಗಾಲಿ ಟೋಲಾದ ನಮ್ಮ ಮನೆಯ ಮೇಲಂತಸ್ತಿಗೆ ತಂದಿರಿಸಿ, ತಾವು ದೇಶದಿಂದ ದೇಶಕ್ಕೆ ಗಣಿ ಹುಡುಕಿಕೊಂಡು ಹೊರಟರು. ಕಡೆಗೆ ನೆಲೆ ನಿಂತಿದ್ದು ಕಿರ್ಗಿಸ್ತಾನದ ಬೆಟ್ಟಗಳ ನಡುವೆ, ಒಂದು ಸಣ್ಣ ಚಿನ್ನದ ಗಣಿಯಲ್ಲಿ. ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದರು. ಹೋದ ದೀಪಾವಳಿ ಹೊತ್ತಿಗೆ ಅಲ್ಲಿಯೂ ಚಿನ್ನ ಮುಗಿದು ಗಣಿ ಮುಚ್ಚಿತು. ಹೊರಗಿನಿಂದ ಬಂದವರೆಲ್ಲ ಗಂಟುಮೂಟೆ ಕಟ್ಟಿದರು. ಭಾವ ಮಾತ್ರ ಫೋನಿನಲ್ಲಿ, "ಬರ್ತೀನಿ, ಇನ್ನೊಂದು ತಿಂಗಳು" ಅನ್ನುತ್ತಲೇ ಉಳಿದರು.

ಅಷ್ಟರಲ್ಲಿ ವೈದೇಹಿಗೆ ಗಂಡು ಗೊತ್ತಾಯಿತು. ಜ್ಯೇಷ್ಠದಲ್ಲಿ ಮುಹೂರ್ತ ಇಟ್ಟಾಯಿತು. ಇಟ್ಟವನು ನಾನೇ. ಭಾವನ ಬಾಯಲ್ಲಿ ಆಗಲೂ ಅದೇ ಇನ್ನೊಂದು ತಿಂಗಳು.

ಒಂದು ಬೆಳಿಗ್ಗೆ ಅಕ್ಕ ಕೆಳಗಿಳಿದು ಬಂದು ನನ್ನ ಪೂಜೆಯ ಮಧ್ಯೆಯೇ ಕೂತಳು.

"ಶಂಕರ, ಅಲ್ಲಿ ಯಾರೋ ಇದ್ದಾಳೆ ಕಣೋ."

"ಯಾರು? ಎಲ್ಲಿ?"

"ಆ ಊರಲ್ಲಿ. ಮುಚ್ಚಿದ ಗಣೀಲಿ ಗಂಡಸಿಗೆ ಇನ್ನೇನು ಕೆಲಸ? ನೀನು ಹೋಗಿ ಕರ್ಕೊಂಡು ಬಾ. ಯಾರಿದ್ದರೂ ಸರಿ, ಮಗಳ ಧಾರೆ ಎರೆದು ಆಮೇಲೆ ಎಲ್ಲಿಗಾದ್ರೂ ಹೋಗಲಿ."

ನಾನು ತಪ್ಪಿಸಿಕೊಳ್ಳಲು ಸಾಕಷ್ಟು ಪ್ರಯತ್ನಪಟ್ಟೆ. ಸಮುದ್ರ ದಾಟಿ ವಿದೇಶಕ್ಕೆ ಹೋಗಿ ಬಂದವನು ಶ್ರಾದ್ಧ ಮಾಡಿಸಿದರೆ ಜನ ಏನೆಂದಾರು ಅಂದೆ. ಅಕ್ಕ ವೈದೇಹಿಯ ಶಾಲೆಯ ಭೂಪಟ ತಂದು ನನ್ನೆದುರು ಹಾಸಿದಳು. "ನೋಡು, ದಾರೀಲಿ ಎಲ್ಲಾದ್ರೂ ಸಮುದ್ರ ಇದೆಯಾ? ಬರೀ ಬೆಟ್ಟ. ಬದರಿಗೆ ಹೋಗಿ ಬಂದ ಹಾಗೆ ಅಂದುಕೋ." ಶಾಸ್ತ್ರ ಓದಿದವನು ನಾನು, ಮಾತು ಗೆದ್ದವಳು ಅವಳು.

ಟ್ಯಾಕ್ಸಿ ಸ್ಟ್ಯಾಂಡು

ದಿಲ್ಲಿಯಿಂದ ಕಿರ್ಗಿಸ್ತಾನದ ರಾಜಧಾನಿ ಬಿಷ್ಕೆಕ್‌ಗೆ ವಿಮಾನ ಹತ್ತಿದಷ್ಟೇ ಬೇಗ ಇಳಿಸಿತು. ಕಷ್ಟವೆಲ್ಲ ಕಾದಿದ್ದು ನೆಲದ ಮೇಲೆ. ಭಾವನ ಊರಿಗೆ ಬಸ್ಸಿಲ್ಲ, ಸೀಟು ಹಂಚಿಕೊಂಡು ಹೋಗುವ ಟ್ಯಾಕ್ಸಿಯೇ ಗತಿ. ಊರಿನ ಹೆಸರನ್ನು ಇಲ್ಲಿ ಸಾರಿಬೆಲ್ ಎಂದು ಇಟ್ಟುಕೊಳ್ಳುತ್ತೇನೆ. ನಿಜವಾದ ಹೆಸರನ್ನು ನನ್ನ ನಾಲಿಗೆ ಇವತ್ತಿಗೂ ಸರಿಯಾಗಿ ಉಚ್ಚರಿಸುವುದಿಲ್ಲ.

ಬಕೀತ್ ಎಂಬ ಡ್ರೈವರ್ ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, "ಈಗ ಹೊರಟೆವು" ಎಂದು ಕೈಯಲ್ಲೇ ಹೇಳಿ ಮಾಯವಾದ. ಸೀಟುಗಳು ತುಂಬುವತನಕ ಗಾಡಿ ಹೊರಡುವುದಿಲ್ಲ ಎಂಬುದು ನನಗೆ ಅರ್ಥವಾಗುವಷ್ಟರಲ್ಲಿ ಮಧ್ಯಾಹ್ನ ತಿರುಗಿತ್ತು. ಈ ವಿದ್ಯೆಯನ್ನು ನಮ್ಮ ಕಾಶಿಯ ಆಟೋದವರು ಲೋಕಕ್ಕೆಲ್ಲ ಕಲಿಸಿದ್ದಾರೆ ಅಂದುಕೊಂಡು ಸುಮ್ಮನಿದ್ದೆ. ಕೊನೆಗೆ ಬಕೀತ್ ಬಂದ. ಕಂಕುಳಲ್ಲಿ ಒಂದು ಜೀವಂತ ಕುರಿ. ಅದನ್ನು ನನ್ನ ಸೀಟಿನ ಬೆನ್ನ ಹಿಂದೆ, ನನ್ನ ಅವಲಕ್ಕಿ, ಚಟ್ನಿಪುಡಿ, ಪಂಚಾಂಗಗಳಿದ್ದ ಚೀಲದ ಪಕ್ಕದಲ್ಲೇ ಇಳಿಸಿದ. ನಾನು ಕೂಗಾಡಿದೆ. ಅವನು ನಕ್ಕ. ಬಾಯಿ ತುಂಬ ಚಿನ್ನದ ಹಲ್ಲು.

ಹಿಂದಿನ ಸೀಟಿನಲ್ಲಿ ನಲವತ್ತು ದಾಟಿದ ಹೆಂಗಸೊಬ್ಬಳು ಔಷಧದ ಡಬ್ಬಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನನ್ನ ಹಣೆಯ ವಿಭೂತಿಯನ್ನು, ಉಣ್ಣೆಯ ಚಡ್ಡಿಯ ಮೇಲೆ ನಾನುಟ್ಟಿದ್ದ ಪಂಚೆಯನ್ನು ನೋಡಿದಳು. ನೋಡಿ, ಸ್ಪಷ್ಟವಾಗಿ ಕೇಳಿದಳು:

"ಊಟ ಆಯ್ತಾ?"

ನಾನು ಸೀಟಿನಲ್ಲೇ ಪೂರ್ತಿ ಹಿಂದಕ್ಕೆ ತಿರುಗಿದೆ. ನನ್ನ ಮಗನೇ ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾನೆ. ಇಲ್ಲಿ ಹಿಮಬೆಟ್ಟದ ಬುಡದಲ್ಲಿ ಒಬ್ಬ ಕಿರ್ಗಿಜ್ ಹೆಂಗಸು ಊಟ ಆಯ್ತಾ ಅನ್ನುತ್ತಿದ್ದಾಳೆ!

"ರಘು ಬಾಯ್ಕೆ ಕಲಿಸಿದ್ದು" ಎಂದು ಇಂಗ್ಲಿಷಿನಲ್ಲಿ ಹೇಳಿ ನಾಚಿಕೊಂಡಳು. ಬಾಯ್ಕೆ ಅಂದರೆ ಅಣ್ಣ ಎಂದು ಆಮೇಲೆ ತಿಳಿಯಿತು. ಅವಳ ಹೆಸರು ಆಯ್‌ಗುಲ್. ಸಾರಿಬೆಲ್‌ನ ನರ್ಸು. ಗಂಡ ಇದೇ ಗಣಿಯಲ್ಲಿ ಕೆಲಸ ಮಾಡುತ್ತಿದ್ದು ತೀರಿಕೊಂಡವನು. ಅವಳು ಇಷ್ಟು ಹೇಳುವಷ್ಟರಲ್ಲಿ ನನ್ನ ತಲೆಯಲ್ಲಿ ಅಕ್ಕನ ಮಾತು ಗುಂಯ್‌ಗುಡತೊಡಗಿತ್ತು. ನಾನು ಮುಖ ತಿರುಗಿಸಿ ಕೂತೆ. ಹಿಂದಿನಿಂದ ಕುರಿ ನನ್ನ ಕತ್ತಿನ ಮೇಲೆ ಉಸಿರು ಬಿಟ್ಟಿತು.

ಘಾಟಿ

ದಾರಿಯುದ್ದಕ್ಕೂ ಬಕೀತ್ ಚಹಾ ಅಂಗಡಿ ಕಂಡಲ್ಲೆಲ್ಲ ನಿಲ್ಲಿಸಿದ. ಎಲ್ಲ ಕಡೆಯೂ ಮಾಂಸದ ವಾಸನೆ. ನಾನು ಮೂಗು ಮುಚ್ಚಿಕೊಂಡು ರೊಟ್ಟಿ, ಚಹಾ ಎಂದೆ. ಬಟ್ಟಲಿಗೆ ಅರ್ಧಕ್ಕಿಂತ ಕಡಿಮೆ ಚಹಾ ಸುರಿದುಕೊಟ್ಟರು. ತುಂಬಿಸಿ ಎಂದೆ. ಅಂಗಡಿಯ ಮುದುಕಿಯ ಮುಖ ಬಾಡಿತು.

"ಬಟ್ಟಲು ತುಂಬಿಸಿದರೆ, ಕುಡಿದು ಹೊರಡು ಅಂತ ಅರ್ಥ" ಎಂದಳು ಆಯ್‌ಗುಲ್. "ಸ್ವಲ್ಪ ಸ್ವಲ್ಪ ಕೊಟ್ಟರೆ ನೀವು ಇನ್ನೂ ಇರಿ ಅಂತ."

ನಮ್ಮ ಘಾಟಿನ ಮೆಟ್ಟಿಲ ಮೇಲೆ ಹೀಗೆ ಮಣ್ಣಿನ ಕುಲ್ಹಡ್ಡಿನಲ್ಲಿ ಅರ್ಧ ಚಹಾ ಕೊಟ್ಟರೆ ಪಂಚಾಯಿತಿಯೇ ಸೇರುತ್ತದೆ. ಸಿಟ್ಟಿನಲ್ಲಿ ರೊಟ್ಟಿಯನ್ನು ಮೇಜಿನ ಮೇಲೆ ಬೋರಲು ಹಾಕಿದೆ. ಅಲ್ಲಿಯತನಕ ನಗುತ್ತಿದ್ದ ಬಕೀತ್ ಧಡಕ್ಕನೆ ಎದ್ದು ಅದನ್ನು ನೆಟ್ಟಗೆ ಮಾಡಿಟ್ಟ. ರೊಟ್ಟಿಯನ್ನು ಬೋರಲು ಹಾಕಬಾರದಂತೆ. ನಾನು ಜಗತ್ತಿನ ಮಡಿಯನ್ನೆಲ್ಲ ನಾವೇ ಗುತ್ತಿಗೆ ಹಿಡಿದಿದ್ದೇವೆ ಅಂದುಕೊಂಡಿದ್ದೆ.

ಘಾಟಿಯ ತುದಿಯಲ್ಲಿ ರಸ್ತೆಯ ಎರಡೂ ಕಡೆ ಹಿಮದ ಗೋಡೆ. ಸಣ್ಣ ಕಾರು ನುಸುಳುವಷ್ಟೇ ಜಾಗ. ಅಲ್ಲಿ ಚಕ್ರ ಹೂತು ಗಾಡಿ ನಿಂತಿತು. ಎಲ್ಲರೂ ಇಳಿದು ನೂಕಿದೆವು. ಕಾಲಲ್ಲಿ ಚಪ್ಪಲಿ, ಪಂಚೆ ಮೊಣಕಾಲವರೆಗೆ ಒದ್ದೆ, ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಉಸಿರು ಬಾಯಿಗೆ ಬಂತು. ಆಯ್‌ಗುಲ್ ತನ್ನ ಉಣ್ಣೆಯ ಶಾಲನ್ನು ನನ್ನ ತಲೆಗೆ ಸುತ್ತಲು ಬಂದಳು. ಬೇಡ ಎಂದೆ. ಅವಳು ಕೇಳಿಸಿಕೊಳ್ಳಲೇ ಇಲ್ಲ, ಮಗುವಿಗೆ ಸುತ್ತುವ ಹಾಗೆ ಸುತ್ತಿದಳು. ಬೆಚ್ಚಗಾಯಿತು. ಅದಕ್ಕೂ ಸಿಟ್ಟು ಬಂತು.

ಐದಂತಸ್ತಿನ ಹಳ್ಳಿ

ಬೆಟ್ಟದೂರು ಅಂದರೆ ಕಲ್ಲಿನ ಪುಟ್ಟ ಮನೆಗಳಿರುತ್ತವೆ ಅಂದುಕೊಂಡಿದ್ದೆ. ಸಾರಿಬೆಲ್‌ನಲ್ಲಿ ಕಂಡಿದ್ದು ಐದೈದು ಅಂತಸ್ತಿನ ಕಾಂಕ್ರೀಟ್ ಕಟ್ಟಡಗಳ ಸಾಲು. ಸುತ್ತ ಹುಲ್ಲುಗಾವಲು, ತಲೆ ಮೇಲೆ ಹಿಮ, ನಡುವೆ ಯಾರೋ ಮಹಾನಗರದ ಒಂದು ಬೀದಿಯನ್ನು ಮರೆತು ಬಿಟ್ಟುಹೋದ ಹಾಗೆ. ಸೋವಿಯತ್ ಕಾಲದಲ್ಲಿ ಚಿನ್ನಕ್ಕೋಸ್ಕರವೇ ಕಟ್ಟಿದ ಊರಂತೆ. ಶಾಲೆ, ನಾಟಕ ಮಂದಿರ, ಆಸ್ಪತ್ರೆ ಎಲ್ಲವೂ ಗಣಿಯ ಜೊತೆ ಹುಟ್ಟಿದವು. ಈಗ ಅರ್ಧಕ್ಕರ್ಧ ಮನೆ ಖಾಲಿ. ಬಿಸಿನೀರಿನ ಕೊಳವೆಗಳು ಸತ್ತಿದ್ದರಿಂದ ಜನ ಕಿಟಕಿಯಿಂದ ಒಲೆಯ ಹೊಗೆಕೊಳವೆ ಹೊರಹಾಕಿದ್ದರು. ಒಂದು ಕಟ್ಟಡದ ಮೆಟ್ಟಿಲ ಕೆಳಗೆ ಹಸು ಕಟ್ಟಿತ್ತು. ಅದೊಂದನ್ನು ನೋಡಿದಾಗ ಮಾತ್ರ ನನಗೆ ಬಂಗಾಲಿ ಟೋಲಾ ನೆನಪಾಗಿ ಸ್ವಲ್ಪ ಸಮಾಧಾನವಾಯಿತು.

ಚಿನ್ನ ಅಗೆದ ಊರಿನಲ್ಲಿ ಒಬ್ಬ ಹೆಂಗಸಿನ ಕೈಯಲ್ಲೂ ಬಳೆಯಿಲ್ಲ, ಕಿವಿಯಲ್ಲಿ ಓಲೆಯಿಲ್ಲ. ಚಿನ್ನ ಇದ್ದಿದ್ದು ವಯಸ್ಸಾದವರ ಬಾಯಲ್ಲಿ ಮಾತ್ರ. ನಕ್ಕರೆ ಹೊಳೆಯುತ್ತಿತ್ತು.

ಆಯ್‌ಗುಲ್ ನನ್ನನ್ನು ಮೂರನೇ ಅಂತಸ್ತಿಗೆ ಕರೆದೊಯ್ದು, ತನ್ನ ಕೋಟಿನ ಜೇಬಿನಿಂದ ಬೀಗದ ಕೈ ತೆಗೆದು ಭಾವನ ಮನೆಯ ಬಾಗಿಲು ತೆರೆದಳು. ಬೀಗದ ಕೈ! ನಾನು ಅಲ್ಲೇ ಹೊಸ್ತಿಲಲ್ಲಿ ನಿಂತೆ. ಭಾವ ಒಳಗೆ ಒಲೆಯ ಮುಂದೆ ಕಾಲುಚೀಲ ಒಣಗಿಸುತ್ತಾ ಕೂತಿದ್ದರು. ಸೊರಗಿದ್ದರು, ಗಡ್ಡ ಬಿಟ್ಟಿದ್ದರು.

"ಅಯ್ಯೋ ಶಂಕರ! ನೀನ್ಯಾಕಯ್ಯ ಬಂದೆ?"

"ನಾನ್ಯಾಕೆ ಬಂದೆ ಅಂತ ಕೇಳ್ತೀರಾ? ಮಗಳ ಮದುವೆ ಭಾವ! ಮನೇಲಿ ಅಕ್ಕ ಊಟ ಬಿಟ್ಟಿದ್ದಾಳೆ. ಈ ಯಮ್ಮನ ಹತ್ರ ನಿಮ್ಮನೆ ಬೀಗದ ಕೈ ಯಾಕಿದೆ, ಮೊದಲು ಅದನ್ನ ಹೇಳಿ."

 ಭಾವ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಬೂಟು ಹಾಕಿಕೊಂಡು, "ಬಾ, ತೋರಿಸ್ತೀನಿ" ಎಂದು ಹೊರಟರು. ನನಗೆ ಚಹಾ ಕೂಡ ಕೊಡಲಿಲ್ಲ.

ಕಟ್ಟೆ

ಊರಿನ ನೆತ್ತಿಯ ಮೇಲೆ, ಎರಡು ಗುಡ್ಡಗಳ ನಡುವೆ, ಮಣ್ಣಿನ ಒಂದು ದೊಡ್ಡ ಕಟ್ಟೆ. ಅದರ ಹಿಂದೆ ಬೂದಿ ಬಣ್ಣದ ಕೆರೆ.

"ಒಂದು ಲಾರಿ ಕಲ್ಲು ಪುಡಿ ಮಾಡಿದರೆ ಒಂದು ಮೂಗುತಿಗಾಗುವಷ್ಟು ಚಿನ್ನ ಸಿಗುತ್ತೆ" ಎಂದರು ಭಾವ. "ಮಿಕ್ಕಿದ್ದೆಲ್ಲ ಎಲ್ಲಿ ಹೋಗುತ್ತೆ? ಇಲ್ಲಿಗೆ. ಇಷ್ಟು ವರ್ಷದ ಕಲ್ಲಿನ ರಾಡಿ, ಅದರ ಜೊತೆ ಸೈನೈಡು."

ಕೆರೆಯ ನಡುವೆ ಕಾಂಕ್ರೀಟಿನ ಒಂದು ಬಾವಿಯ ಬಾಯಿ ಕಾಣುತ್ತಿತ್ತು. ಮೇಲೆ ತಿಳಿಯಾದ ನೀರು ಆ ಬಾವಿಗಿಳಿದು, ಕಟ್ಟೆಯ ಅಡಿಯ ಕೊಳವೆಯಿಂದ ಇನ್ನೊಂದು ತೊಟ್ಟಿಗೆ ಹೋಗಬೇಕು. ಹಿಮ ಕರಗುವ ಕಾಲದಲ್ಲಿ ಆ ಬಾಯಿಗೆ ಮಂಜುಗಡ್ಡೆ, ಪೊದೆ ಬಂದು ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡರೆ ನೀರು ಕಟ್ಟೆಯ ಮೇಲೆ ಹರಿಯುತ್ತದೆ. ಮಣ್ಣಿನ ಕಟ್ಟೆ, ಒಮ್ಮೆ ಹರಿಯಲು ಶುರುವಾದರೆ ನಿಲ್ಲುವುದಿಲ್ಲ. ಇನ್ನೊಂದು ಕೋಡಿ ಕೊರೆಯಲು ದೊಡ್ಡ ಯಂತ್ರ ಬರಬೇಕಿತ್ತು. ಘಾಟಿಯ ಹಿಮ ಪೂರ್ತಿ ಕರಗದೆ ಅದು ದಾಟುವ ಹಾಗಿರಲಿಲ್ಲ.

"ಬೆಳಿಗ್ಗೆ ನಾನು ನೀರಿನ ಅಳತೆ ನೋಡ್ತೀನಿ, ಸಂಜೆ ಆಯ್‌ಗುಲ್ ನೋಡ್ತಾಳೆ. ಅಳತೆಗೋಲು, ಹಗ್ಗ ನನ್ನ ಮನೇಲಿರುತ್ತೆ. ಅದಕ್ಕೆ ಬೀಗದ ಕೈ."

ನಾನು ಕೆಳಗೆ ನೋಡಿದೆ. ಕಟ್ಟೆಯ ನೇರ ಕೆಳಗೆ ಶಾಲೆಯ ತಗಡಿನ ಮಾಡು. ಅಂಗಳದಲ್ಲಿ ಮಕ್ಕಳು ಚೆಂಡಾಡುತ್ತಿದ್ದವು. ಕೂಗು ಇಲ್ಲಿಯತನಕ ಕೇಳುತ್ತಿತ್ತು.

ಅಕ್ಕ ನನ್ನ ತಲೆಗೆ ತುಂಬಿದ್ದ ಅನುಮಾನ ಅಲ್ಲಿಗೆ ಮುಗಿಯಿತು. ನನ್ನ ಸಿಟ್ಟು ಮಾತ್ರ ಮುಗಿಯಲಿಲ್ಲ. "ಇದು ನಿಮ್ಮ ಊರಾ? ನಿಮ್ಮ ಕಂಪನಿ ಬೀಗ ಹಾಕಿಕೊಂಡು ಹೋಯ್ತು. ನಿಮಗೊಬ್ಬರಿಗೇ ಬಂತಾ ಈ ಹಣೆಬರಹ?"

"ಕಟ್ಟೆ ಎತ್ತರಿಸಿದ್ದು ನಾನು ಶಂಕರ. ಇನ್ನೂ ಎರಡು ವರ್ಷ ರಾಡಿ ತುಂಬಬಹುದು ಅಂತ ಲೆಕ್ಕ ಹಾಕಿ, ನಿಂತು ಏರಿಸಿದವನು ನಾನು. ಈಗ ಯಾರ ಕೈಗೆ ಕೊಟ್ಟು ಬರಲಿ?"

"ಮತ್ತೆ ಇದನ್ನ ಅಕ್ಕನಿಗೆ ಹೇಳೋಕೇನು ರೋಗ?"

"ಹೇಳಿದ್ರೆ ಹೆದರಿ ಸಾಯ್ತಾಳೆ."

"ಈಗ ಏನು ನಗ್ತಾ ಕೂತಿದ್ದಾಳಾ?"

 ಗಣಿ ಕೊರೆಯುವ ಗಂಡಸರಿಗೆ ನೆಲದೊಳಗಿನ ಬಿರುಕು ಕಾಣುತ್ತದೆ, ಮನೆಯೊಳಗಿನದು ಕಾಣುವುದಿಲ್ಲ. ಹಾಗಂತ ಅವರ ಮುಖಕ್ಕೇ ಹೇಳಿದೆ.

ಬೆಚ್ಚನೆ ಮಳೆ

ಆಮೇಲಿನ ದಿನಗಳನ್ನು ಅವಲಕ್ಕಿ, ಮೊಸರು ಮತ್ತು ಜಗಳದಲ್ಲಿ ಕಳೆದೆ. ಒಂದು ಬೆಳಗಿನ ಜಾವಕ್ಕೆ ಮಳೆ ಶುರುವಾಯಿತು. ಚಳಿಯ ಮಳೆಯಲ್ಲ, ಬೆಚ್ಚನೆಯದು. ಚಳಿ ಕಡಿಮೆಯಾಯಿತಲ್ಲ ಎಂದು ನಾನು ಹಿಗ್ಗಿದೆ. ಭಾವ ಕಿಟಕಿಯಿಂದ ಕೈ ಹೊರಚಾಚಿ ನೋಡಿ ಬಿಳಿಚಿಕೊಂಡರು. ಹಿಮದ ಮೇಲೆ ಬೆಚ್ಚನೆ ಮಳೆ ಬಿದ್ದರೆ ಬೆಟ್ಟವೇ ಕರಗಿ ಇಳಿಯುತ್ತದಂತೆ.

ನಾನು ಸಂಧ್ಯಾವಂದನೆಗೆ ಕೂತಿದ್ದೆ. ಆಯ್‌ಗುಲ್ ಬಾಗಿಲು ದೂಡಿಕೊಂಡು ಬಂದಳು. ಬಾವಿಯ ಬಾಯಿ ಕಟ್ಟಿಕೊಂಡಿದೆ, ನೀರು ಇಳಿಯುತ್ತಿಲ್ಲ.

ನಾವು ಮೇಲೆ ಹತ್ತುವಷ್ಟರಲ್ಲಿ ಅರ್ಧ ಊರು ಅಲ್ಲಿತ್ತು. ಶಾಲೆ ಬಿಡಿಸಿ ಮಕ್ಕಳನ್ನು ಎದುರು ಗುಡ್ಡಕ್ಕೆ ಹತ್ತಿಸಿದ್ದರು. ಗಂಡಸರು, ಹೆಂಗಸರು, ಚಿನ್ನದ ಹಲ್ಲಿನ ಮುದುಕರು, ಎಲ್ಲರ ಕೈಯಲ್ಲೂ ಸಲಿಕೆ. ಕಟ್ಟೆಯ ಒಂದು ಕೊನೆ ಬಂಡೆಗೆ ಸೇರುವಲ್ಲಿ ಭಾವ ಬೂಟಿನಿಂದ ಗೆರೆ ಎಳೆದು, ಇಲ್ಲಿ ಕಾಲುವೆ ತೋಡಿ ಎಂದರು. ನನ್ನ ಕೈಗೂ ಯಾರೋ ಸಲಿಕೆ ಕೊಟ್ಟರು. ಜೀವಮಾನವಿಡೀ ಉದ್ಧರಣೆ ಹಿಡಿದ ಕೈ. ಬೇಗ ಬೊಬ್ಬೆಗಳೆದ್ದು ಒಡೆದವು. ನಾನು ತೋಡುತ್ತಾ ಭಾವನನ್ನು, ಅವರ ಕಂಪನಿಯನ್ನು, ನನ್ನ ಅಕ್ಕನನ್ನು, ಅವಳ ಭೂಪಟವನ್ನು ಒಂದೊಂದಾಗಿ ಬೈದೆ. ಪಕ್ಕದಲ್ಲಿ ಬಕೀತ್ ತನ್ನ ಭಾಷೆಯಲ್ಲಿ ಯಾರನ್ನೋ ಬೈಯುತ್ತಿದ್ದ. ತಾಳ ಕೂಡಿ ಬಂತು.

ಕಾಲುವೆಯಲ್ಲಿ ಹರಿದದ್ದು ಸಾಲಲಿಲ್ಲ. ನೀರು ಕಟ್ಟೆಯ ಅಂಚಿಗೆ ಒಂದು ಗೇಣು ಉಳಿದಾಗ ಭಾವ ಸೊಂಟಕ್ಕೆ ಹಗ್ಗ ಬಿಗಿದು, ಹಾರೆ ಹಿಡಿದು, ಬಾವಿಯವರೆಗೆ ಹೋಗುವ ಕಬ್ಬಿಣದ ಹಳೇ ಹಲಗೆಸೇತುವೆಯ ಮೇಲೆ ನಡೆದರು. ಹಗ್ಗದ ಇನ್ನೊಂದು ಕೊನೆ ನಮ್ಮ ಕೈಯಲ್ಲಿ. ಎಲ್ಲರ ಮುಂದೆ ನಾನು, ನನ್ನ ಹಿಂದೆ ಬಕೀತ್, ಅವನ ಹಿಂದೆ ಆಯ್‌ಗುಲ್.

ಭಾವ ಗಡ್ಡೆಗೆ ಹಾರೆ ಹಾಕಿ ಮೀಟಿದರು. ಅಲುಗಲಿಲ್ಲ. ಮತ್ತೆ ಮೀಟಿದರು. ಸೇತುವೆ ನಡುಗುವುದು ದಡಕ್ಕೇ ಕಾಣುತ್ತಿತ್ತು. ಸಾಕು ಬನ್ನಿ ಭಾವ ಎಂದು ಕಿರುಚಿದೆ. ಕೇಳಿಸಿತೋ ಇಲ್ಲವೋ, ಇನ್ನೊಂದು ಸಲ ಇಡೀ ಮೈ ಭಾರ ಹಾಕಿದರು. ಗಡ್ಡೆ ಸೀಳಿ ಮಗುಚಿತು. ನೀರು ಭೋರ್ ಎಂದು ಬಾವಿಗೆ ನುಗ್ಗಿತು. ಅದೇ ಕ್ಷಣಕ್ಕೆ ಅವರ ಕಾಲ ಕೆಳಗಿನ ಹಲಗೆಯೂ ಹೋಯಿತು.

ಎದೆಮಟ್ಟ ರಾಡಿಯಲ್ಲಿ ಭಾವ. ಬಾವಿಯ ಸೆಳೆತ ಅವರನ್ನು ಆ ಕಡೆಗೆ ಎಳೆಯುತ್ತಿತ್ತು. ಹಗ್ಗ ನನ್ನ ಒಡೆದ ಅಂಗೈಯಲ್ಲಿ ಸರ್ರನೆ ಜಾರಿತು. ಆಗ ನನಗೆ ಮಂತ್ರ ನೆನಪಾಗಲಿಲ್ಲ. ನೆನಪಾದದ್ದು ವೈದೇಹಿ, ಚಿಕ್ಕವಳಿದ್ದಾಗ ಅಪ್ಪ ಯಾವತ್ತು ಬರ್ತಾರೆ ಮಾಮ ಎಂದು ಪಂಚಾಂಗದ ಹಾಳೆ ತಿರುವುತ್ತಿದ್ದದ್ದು. ಹಗ್ಗವನ್ನು ತೋಳಿಗೆ ಸುತ್ತಿಕೊಂಡು ಹಿಂದಕ್ಕೆ ಬಿದ್ದುಬಿಟ್ಟೆ. ನನ್ನ ಮೇಲೆ ಬಕೀತ್ ಬಿದ್ದ. ಹಿಂದಿನವರೆಲ್ಲ ಒಟ್ಟಿಗೆ ಜಗ್ಗಿದರು.

ಬೂದಿ ಬಳಿದುಕೊಂಡ ಸಾಧುವಿನ ಹಾಗೆ ಭಾವ ದಡಕ್ಕೆ ಬಂದರು. ಆಯ್‌ಗುಲ್ ಅವರ ಬಟ್ಟೆಯನ್ನೆಲ್ಲ ಕತ್ತರಿಯಿಂದ ಕತ್ತರಿಸಿ ಎಸೆದಳು. ಊರಿನೆದುರೇ ಕೊಡಗಟ್ಟಲೆ ನೀರು ಸುರಿದು ತೊಳೆದಳು. ಕಣ್ಣು ತೊಳೆದಳು, ಬಾಯಿ ಮುಕ್ಕಳಿಸಲು ನೀರು ಕೊಟ್ಟಳು, ಕಂಬಳಿ ಸುತ್ತಿ, ಎದೆಗೆ ಕಿವಿಯಿಟ್ಟು ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲೇ ಅಂದಳು: "ಪರವಾಗಿಲ್ಲ."

ನಾನು ರಾಡಿಯಲ್ಲೇ ಕೂತು ಅತ್ತೆ. ಆಮೇಲೆ ಭಾವನಿಗೆ ಬಾಯಿಗೆ ಬಂದದ್ದೆಲ್ಲ ಅಂದೆ.

ಕುರಿಯ ತಲೆ

ಮಾರನೆಯ ದಿನ ಊರವರು ನಾಟಕ ಮಂದಿರದಲ್ಲಿ ಊಟ ಏರ್ಪಡಿಸಿದರು. ಬಕೀತ್‌ನ ಕುರಿ ಅಲ್ಲಿಗೆ ಬಂದಿತ್ತು, ಬೇರೆ ರೂಪದಲ್ಲಿ. ಹಿರಿಯ ಅತಿಥಿಗೆ ಕುರಿಯ ತಲೆ ಕೊಡುವುದು ಅಲ್ಲಿಯ ಮರ್ಯಾದೆ. ಹಬೆಯಾಡುವ ತಟ್ಟೆಯನ್ನು ತಂದು ನನ್ನ ಮುಂದೆ ಇಟ್ಟರು. ನನ್ನ ಕತ್ತಿನ ಮೇಲೆ ದಾರಿಯುದ್ದಕ್ಕೂ ಉಸಿರು ಬಿಟ್ಟ ಮುಖ ಈಗ ನನ್ನನ್ನೇ ನೋಡುತ್ತಿತ್ತು. ನಾನು ಎದ್ದು ಓಡುವವನಿದ್ದೆ. ಭಾವ ಪಂಚೆ ಹಿಡಿದು ಕೂರಿಸಿದರು.

ಆಯ್‌ಗುಲ್ ತಟ್ಟೆಯನ್ನು ಮೆಲ್ಲಗೆ ಸರಿಸಿ ಊರವರಿಗೆ ಏನೋ ಹೇಳಿದಳು. ಇವರು ನಮ್ಮ ಮುಲ್ಲಾ ಇದ್ದ ಹಾಗೆ, ತಿನ್ನುವುದು ಬೇಡ, ಆಶೀರ್ವಾದ ಮಾಡಲಿ ಎಂದಳಂತೆ. ಎಲ್ಲರೂ ಅಂಗೈ ಬಿಡಿಸಿ ಎದೆಯ ಮುಂದೆ ಹಿಡಿದು ಕಾದರು.

ಘಾಟಿನಲ್ಲಿ ನಿತ್ಯ ಹೇಳುವ ಮಂತ್ರವೇ. ಅಲ್ಲಿ ಹೇಳುವಾಗ ನನ್ನ ಒಂದು ಕಣ್ಣು ಸರದಿ ಕಾಯುವ ಯಾತ್ರಿಕರ ಸಾಲಿನ ಮೇಲಿರುತ್ತದೆ. ಇಲ್ಲಿ ಬೇರೆ ಸಾಲಿರಲಿಲ್ಲ. ಬೊಬ್ಬೆ ಒಡೆದ ಕೈಗಳನ್ನು ನಾನೂ ಬಿಡಿಸಿ ಹಿಡಿದು, ಈ ನೆಲಕ್ಕೆ, ಈ ಮಕ್ಕಳಿಗೆ, ದನಕರುಗಳಿಗೆ ಒಳ್ಳೆಯದಾಗಲಿ ಎಂದು ನಿಧಾನವಾಗಿ ಸ್ವರ ತಪ್ಪದೆ ಹೇಳಿದೆ. ಮುಗಿದಾಗ ಎಲ್ಲರೂ ತಥಾಸ್ತು ಅನ್ನುವ ಹಾಗೆ "ಓಮಿನ್" ಎಂದು ಅಂಗೈಗಳಿಂದ ಮುಖ ಸವರಿಕೊಂಡರು.

ಆಮೇಲೆ ಭಾವನನ್ನು ಪಕ್ಕಕ್ಕೆ ಕರೆದೆ. "ಹಿಮ ಪೂರ್ತಿ ಯಾವಾಗ ಕರಗುತ್ತೆ?"

"ಯಂತ್ರ ಬಂದು ಕೋಡಿ ಕೊರೆಯೋ ಹೊತ್ತಿಗೆ ಆಷಾಢ ಬಂದಿರುತ್ತೆ."

ಪಂಚಾಂಗ ಬಿಚ್ಚಿದೆ. ಆಷಾಢದಲ್ಲಿ ಮದುವೆಯಿಲ್ಲ. ಶ್ರಾವಣದಲ್ಲಿ ನಮಗೆ ಉಂಟು, ಕಾಶಿಯವರಿಗೆ ಚಾತುರ್ಮಾಸ್ಯ, ಅವರು ಮದುವೆ ಮಾಡುವುದಿಲ್ಲ. ಅಂದರೆ ಊರಿನ ಕಲ್ಯಾಣಮಂಟಪಗಳೆಲ್ಲ ಖಾಲಿ. ಹುಡುಗಿಗೂ ಹುಡುಗನಿಗೂ ತಾರಾಬಲ ಕೂಡುವ ಒಂದು ದಿನ ಸಿಕ್ಕಿತು. ಗಂಡಿನ ಕಡೆಯವರಿಗೆ ಜ್ಯೇಷ್ಠದ ಲಗ್ನದಲ್ಲಿ ಒಂದು ದೋಷ ಕಂಡಿತು ಎಂದು ಹೇಳುವುದು ಎಂದು ತೀರ್ಮಾನಿಸಿದೆ. ವಧುವಿನ ಅಪ್ಪ ಕಟ್ಟೆ ಕಾಯುತ್ತಿರುವುದು ದೊಡ್ಡ ದೋಷವೇ, ಸುಳ್ಳೇನಲ್ಲ.

ಗುಡ್ಡ ಹತ್ತಿದರೆ ಮಾತ್ರ ಸಿಗುವ ಸಿಗ್ನಲ್ ಹಿಡಿದು ಅಕ್ಕನಿಗೆ ಎಲ್ಲವನ್ನೂ ಹೇಳಿದೆ.  ಎಲ್ಲ ಕೇಳಿ ಅಕ್ಕ, "ಅವರಿಗೆ ಫೋನ್ ಕೊಡು" ಎಂದಳು. ನಾನು ದೂರ ಹೋಗಿ ನಿಂತೆ. ಭಾವ ಬರೀ ಹೂಂ ಹೂಂ ಅನ್ನುತ್ತಿದ್ದುದು ಕಾಣುತ್ತಿತ್ತು.

ಕೇದಾರ ಘಾಟು

ಶ್ರಾವಣದಲ್ಲಿ ಗಂಗೆ ಘಾಟಿನ ಅರ್ಧ ಮೆಟ್ಟಿಲು ನುಂಗಿದ್ದಳು. ಗಲ್ಲಿಗಳಲ್ಲಿ ಗಂಗಾಜಲ ಹೊರುವ ಕಾವಡಿಯವರ ನೂಕುನುಗ್ಗಲು. ಗಂಡಿನ ತಂದೆ ಮುಖ ಗಂಟಿಕ್ಕಿಕೊಂಡೇ ದಿಬ್ಬಣ ತಂದರು. ಅಡುಗೆಯವರು ಒದ್ದೆ ಸೌದೆಯೆಂದು ಕಿರಿಚಾಡಿದರು. ಇಂಥ ತಿಂಗಳಲ್ಲಿ ಮದುವೆ ಇಟ್ಟ ಪುರೋಹಿತ ಯಾರು ಎಂದು ಬೈಯದವರಿಲ್ಲ. ನಾನು ಕೇಳಿಯೂ ಕೇಳದವನಂತೆ ಮಂತ್ರ ಹೇಳಿದೆ. ಭಾವ ಬಂದಿದ್ದರು. ಧಾರೆ ಎರೆಯಲು ಅವರು ಕೈ ಮುಂದೆ ಚಾಚಿದರು. ಅಕ್ಕ ಕೆಳಗಿನಿಂದ ತನ್ನ ಕೈ ಆನಿಸಿದಳು.

ಮದುವೆ ಮುಗಿದ ಮೇಲೆ ಭಾವ ಮೆಲ್ಲಗೆ ಬಾಯಿಬಿಟ್ಟರು. ಕೋಡಿಯೇನೋ ಆಯಿತು, ಆದರೆ ಮತ್ತೆ ಹಿಮ ಬೀಳುವ ಮುಂಚೆ ಊರಿನ ನಾಲ್ಕು ಜನರಿಗೆ ಕಟ್ಟೆ ನೋಡಿಕೊಳ್ಳುವುದನ್ನು ಕಲಿಸಿಬರಬೇಕಂತೆ. ನಾನು ತಲೆ ಚಚ್ಚಿಕೊಂಡೆ. ಅಕ್ಕ ಜಗಳ ತೆಗೆಯುತ್ತಾಳೆ ಎಂದು ಕಾದೆ. ಅವಳು ಒಳಗೆ ಹೋಗಿ ಪೆಟ್ಟಿಗೆ ಇಳಿಸಿದಳು.

"ನಾನೂ ಬರ್ತೀನಿ" ಎಂದಳು. "ಇಷ್ಟು ವರ್ಷ ಒಬ್ಬರನ್ನೇ ಕಳಿಸಿದ್ದು ಸಾಕು."

ಅಲ್ಲಿಯ ಚಳಿ, ಘಾಟಿ, ಟ್ಯಾಕ್ಸಿ, ಮಾಂಸದ ವಾಸನೆ, ತಿಂದರೆ ಅವಲಕ್ಕಿ ಬಿಟ್ಟರೆ ಉಪವಾಸ ಎಂಬುದನ್ನೆಲ್ಲ ಕೂತು ವಿವರಿಸಿದೆ. ಒಂದು ಸಂಜೆ ಪೂರ್ತಿ ವಿವರಿಸಿದೆ. ಅವಳು ಬಟ್ಟೆ ಮಡಚುತ್ತಾ ಕೇಳಿದಳು, ಹೊರಟೇಬಿಟ್ಟಳು.

ಹೋದ ವಾರ ಅವಳ ಫೋನ್ ಬಂತು, ಗುಡ್ಡದ ಮೇಲಿನಿಂದ. ಗಾಳಿಯ ಸದ್ದು. ಆಯ್‌ಗುಲ್‌ಗೆ ಹುಳಿ ಮಾಡುವುದು ಕಲಿಸಿದ್ದಾಳಂತೆ. ಸಂಜೆಯ ಅಳತೆಯನ್ನು ಈಗ ಅಕ್ಕನೇ ನೋಡುತ್ತಾಳಂತೆ.

"ಅಲ್ಲ ಶಂಕರ," ಎಂದಳು, "ಇಷ್ಟು ಚೆನ್ನಾಗಿರೋ ಊರಿಗೆ ಹೋಗಿ ಬಂದು, ನೀನು ಅದೇನು ಅಷ್ಟೊಂದು ಗೊಣಗಿದ್ದು?"